ಸರಿಯೂ ಹಕ್ಕೂ

ಇಂಗ್ಲಿಷ್ ಭಾಷೆಯ ‘ರೈಟ್’ ಎಂಬ ಮಾತು ಆ ಭಾಷೆಯನ್ನು ಓದದವರ ಬಾಯಲ್ಲಿಯೂ ನಮ್ಮ ನಾಡಿನಲ್ಲಿ ಸಲೀಸಾಗಿ ಓಡಾಡುತ್ತಿದೆ. ಬಸ್ಸಿನ ಕಂಡಕ್ಟರು ‘ರೈಟ್’ ಎಂದನೆಂದರೆ ಇನ್ನು ಹೊರಡಬಹುದೆಂದು ಅರ್ಥ. ಉಪಾಧ್ಯಾಯರು ಹುಡುಗನ ಲೆಕ್ಕದ ಮಗ್ಗುಲಲ್ಲಿ ರೈಟು ಹಾಕಿದರೆಂದರೆ ಉತ್ತರದಲ್ಲಿ ತಪ್ಪಿಲ್ಲವೆಂದು ಅರ್ಥ. ದಾರಿ ಹೇಳುವವನು ‘ರೈಟಿಗೆ ತಿರುಗಿ’ ಎಂದರೆ ಬಲಗಡೆಗೆಂದು ಅರ್ಥ. ಜಮೀನಿನ ವ್ಯಾಜ್ಯದಲ್ಲಿ ನಿಂತವನು ‘ಅದು ನನ್ನ ರೈಟು’ ಎಂದರೆ ಹಕ್ಕು ಎಂದು ಅರ್ಥ. ರಾಜಕಾರಣದ ಚರ್ಚೆಯಲ್ಲಿ ಅದು ಬಲಪಂಥದ ಹೆಸರು. ೧೭೮೯ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯಲ್ಲಿ ದೊರೆಯ ಅಧಿಕಾರವನ್ನು ಉಳಿಸಬೇಕೆಂಬವರು ಅಧ್ಯಕ್ಷನ ಬಲಗಡೆಗೆ ಕುಳಿತದ್ದರಿಂದ ಹುಟ್ಟಿದ ಹೆಸರು. ರೇಖಾಗಣಿತದ ಪುಸ್ತಕದಲ್ಲಿ ಅದೇ ಮಾತು ತೊಂಬತ್ತು ಅಂಶದ ಲಂಬಕೋನಕ್ಕೆ ವಿಶೇಷಣ.

ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದು ಯಾವ ಭಾಷೆಗೂ ಹೊಸದಲ್ಲ. ಅಮರಕೋಶದ ನಾನಾರ್ಥವರ್ಗವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಸ್ಕೃತದಲ್ಲಿ ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು. ಕನ್ನಡದಲ್ಲಿ ನೀರೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಇದರಿಂದ ಯಾರಿಗೂ ತೊಡಕಾಗಿಲ್ಲ. ದೂರ ದೂರವಿರುವ ಅರ್ಥಗಳು ಒಂದರ ಹೊಲಕ್ಕೆ ಇನ್ನೊಂದು ನುಗ್ಗುವುದಿಲ್ಲ. ತೊಡಕು ಬರುವುದು ಒಂದು ಶಬ್ದದ ಎರಡು ಅರ್ಥಗಳು ನೆರೆಮನೆಯಂತೆ ಒಂದೇ ಗೋಡೆಯನ್ನು ಹಂಚಿಕೊಂಡಿರುವಾಗ. ‘ರೈಟ್’ ಎಂಬುದರಲ್ಲಿ ‘ಸರಿ’ ಎಂಬ ಅರ್ಥವೂ ‘ಹಕ್ಕು’ ಎಂಬ ಅರ್ಥವೂ ಇರುವುದು ಹೀಗೆ. ಒಂದರಿಂದ ಇನ್ನೊಂದಕ್ಕೆ ಹೊಸ್ತಿಲು ದಾಟಿದುದೇ ತಿಳಿಯದಂತೆ ಮನಸ್ಸು ಹೋಗಿಬಿಡುತ್ತದೆ. ಈ ದಾಟುವಿಕೆ ಕೇವಲ ಭಾಷೆಯ ವಿಚಾರವಾಗಿದ್ದರೆ ಅದನ್ನು ವೈಯಾಕರಣರಿಗೆ ಒಪ್ಪಿಸಿ ಸುಮ್ಮನಿರಬಹುದಾಗಿತ್ತು. ಆದರೆ ಮನುಷ್ಯರು ಒಬ್ಬರೊಡನೊಬ್ಬರು ಬಾಳುವ ರೀತಿಯೇ ಅದರಲ್ಲಿ ಸಿಕ್ಕಿಕೊಂಡಿದೆ. ಆದುದರಿಂದ ಗೃಹಸ್ಥರೂ ಈ ಪ್ರಶ್ನೆಯನ್ನು ವಿಚಾರಿಸುವುದು ಯುಕ್ತ.

೨

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ‘ನೆಟ್ಟಗಿರುವುದು’ ಎಂಬುದು ಮೂಲಾರ್ಥ. ಲ್ಯಾಟಿನ್ ಭಾಷೆಯ ‘ರೆಕ್ಟುಸ್’ ಎಂಬುದೂ ನಮ್ಮ ಸಂಸ್ಕೃತದ ‘ಋಜು’ ಎಂಬುದೂ ಅದರ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಋಜುವಿನ ಭಾವವೇ ಆರ್ಜವ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯವು ದೈವೀ ಸಂಪತ್ತುಗಳನ್ನು ಎಣಿಸುವಾಗ ಮೊದಲನೆಯ ಶ್ಲೋಕದಲ್ಲಿಯೇ ಈ ಗುಣಕ್ಕೆ ಸ್ಥಾನ ಕೊಟ್ಟಿದೆ. ಹೀಗೆ ನೋಡಿದರೆ ಇಂಗ್ಲಿಷರ ‘ರೈಟ್’ ನಮಗೆ ಅಷ್ಟೇನೂ ಪರಕೀಯವಲ್ಲ. ಬಹು ಕಾಲದ ಹಿಂದೆ ಮನೆ ಬಿಟ್ಟು ಹೋದ ನೆಂಟ.

ಬಲಗೈಗೆ ಈ ಹೆಸರು ಬಂದದ್ದೂ ಒಂದು ಸ್ವಾರಸ್ಯವಾದ ಕಥೆ. ಹಳೆಯ ಇಂಗ್ಲಿಷಿನವರು ಆ ಕೈಯನ್ನು ‘ಹೆಚ್ಚು ಬಲವುಳ್ಳ ಕೈ’ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿಯೂ ಹಾಗೆಯೇ: ಬಲ ಎಂದರೆ ಶಕ್ತಿ, ಬಲ ಎಂದರೆ ದಕ್ಷಿಣಪಾರ್ಶ್ವ. ಕಾಲಾಂತರದಲ್ಲಿ ಇಂಗ್ಲಿಷಿನವರು ಆ ಹಳೆಯ ಮಾತನ್ನು ಬಿಟ್ಟು ‘ನೆಟ್ಟನೆಯ ಕೈ’, ‘ಸರಿಯಾದ ಕೈ’ ಎಂಬ ಅರ್ಥದ ಮಾತನ್ನು ಹಿಡಿದರು. ಬಲವಾಗಿದ್ದದ್ದು ಮೆಲ್ಲಗೆ ಸರಿಯಾದದ್ದು ಎನ್ನಿಸಿಕೊಂಡಿತು. ಕೈಯ ವಿಷಯದಲ್ಲಿ ಇದು ನಿರಪಾಯವಾದ ಸಂಗತಿ. ಕೈಗಳಲ್ಲದೆ ಮನುಷ್ಯರ ನಡುವೆ ಇದೇ ಪಲ್ಲಟ ನಡೆದಾಗ ಏನಾಗುತ್ತದೆಂಬುದನ್ನು ಚರಿತ್ರೆಯನ್ನು ಓದಿದವರು ಬಲ್ಲರು.

ಇನ್ನು ಹಕ್ಕೆಂಬ ಅರ್ಥ. ನ್ಯಾಯದ ಗೆರೆ ನೆಟ್ಟಗಿದ್ದರೆ ಯಾರಿಗೆ ಏನು ಸಲ್ಲಬೇಕೋ ಅದು ಅವರಿಗೆ ಸಲ್ಲುತ್ತದೆ. ಹಾಗೆ ಸಲ್ಲತಕ್ಕ ಭಾಗವೂ ‘ರೈಟ್’ ಎನ್ನಿಸಿಕೊಂಡಿತು. ಫ್ರೆಂಚರ ‘ದ್ರುವಾ’, ಜರ್ಮನರ ‘ರೆಖ್ಟ್’ ಎಂಬ ಮಾತುಗಳೂ ಇದೇ ದಾರಿಯಲ್ಲಿ ನಡೆದುವು. ಅಲ್ಲಿ ಕಾನೂನೆಂಬ ಅರ್ಥವೂ ಅದೇ ಮಾತಿನಲ್ಲಿ ಅಡಗಿದೆ. ಇಂಗ್ಲಿಷರು ಕಾನೂನಿಗೆ ಬೇರೆ ಮಾತನ್ನು ಇಟ್ಟುಕೊಂಡು, ಸರಿಯನ್ನೂ ಹಕ್ಕನ್ನೂ ಮಾತ್ರ ಒಂದೇ ಮನೆಯಲ್ಲಿ ಬಿಟ್ಟರು.

ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಮನೆ ಬೇರೆ, ಮನೆತನವೂ ಬೇರೆ. ‘ಸರಿ’ ನಮ್ಮ ಅಡಿಗೆಮನೆಯ ಮಾತು. ಸಮವಾಗಿರುವುದು, ಹೊಂದಿಕೊಳ್ಳುವುದು, ತೂಕಕ್ಕೆ ತೂಕ ನಿಲ್ಲುವುದು ಎಂಬ ಭಾವಗಳು ಅದರಲ್ಲಿವೆ. ಸರಿದೂಗು, ಸರಿಹೊಂದು, ಸರಿಸಮ ಎಂಬ ಮಾತುಗಳನ್ನು ನೋಡಬಹುದು. ಇಂಗ್ಲಿಷರು ಒಳ್ಳೆಯ ನಡತೆಯನ್ನು ನೆಟ್ಟನೆಯ ಗೆರೆಯಾಗಿ ಕಂಡರೆ ಕನ್ನಡಿಗರು ತಕ್ಕಡಿಯಾಗಿ ಕಂಡರೆನ್ನಬಹುದು. ಗೆರೆಯನ್ನು ಒಬ್ಬನೇ ಎಳೆಯಬಹುದು. ತಕ್ಕಡಿಗೆ ಎರಡು ತಟ್ಟೆಗಳು ಬೇಕು. ‘ಹಕ್ಕು’ ಎಂಬುದಾದರೋ ಅರಬ್ಬೀ ಭಾಷೆಯಿಂದ ಬಂದದ್ದು. ಅಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಉಂಟು, ಸಲ್ಲತಕ್ಕದ್ದೆಂಬ ಅರ್ಥವೂ ಉಂಟು; ಅದು ಭಗವಂತನ ನಾಮಗಳಲ್ಲಿಯೂ ಒಂದು. ನಮ್ಮಲ್ಲಿಗೆ ಬರುವಾಗ ಅದು ಜಮೀನು, ದಾವೆ, ವಕೀಲ, ಕಾಯಿದೆ, ವಾರಸುದಾರ ಮೊದಲಾದ ಮಾತುಗಳ ಸಂಗಡ ಕಚೇರಿಯ ಬಾಗಿಲಿನಿಂದ ಬಂದಿತು. ಸತ್ಯವೆಂಬ ಅರ್ಥವನ್ನು ಹೊರಗೆ ಬಿಟ್ಟು ಸ್ವತ್ತೆಂಬ ಅರ್ಥವನ್ನು ಮಾತ್ರ ಹಿಡಿದುಕೊಂಡು ಬಂದಿತು.

೩

ಎರಡರ ಸ್ವರೂಪಭೇದವನ್ನು ಈಗ ಸ್ಪಷ್ಟಪಡಿಸಿಕೊಳ್ಳಬೇಕು. ಸರಿ ಎಂಬುದು ಕಾರ್ಯದ ಗುಣ. ಹಕ್ಕು ಎಂಬುದು ವ್ಯಕ್ತಿಯ ಒಡೆತನ. ‘ಈ ಕೆಲಸ ಸರಿಯೆ?’ ಎಂದು ಕೇಳಿದಾಗ ನಾವು ಆ ಕೆಲಸವನ್ನೂ, ಅದರ ಉದ್ದೇಶವನ್ನೂ, ಅದರಿಂದ ಇತರರಿಗೆ ಆಗುವ ಸುಖದುಃಖಗಳನ್ನೂ ನೋಡುತ್ತೇವೆ. ‘ಇವನಿಗೆ ಹಕ್ಕುಂಟೆ?’ ಎಂದು ಕೇಳಿದಾಗ ನಾವು ನೋಡುವುದು ಇವನನ್ನು ತಡೆಯಲು ಬೇರೆಯವರಿಗೆ ಅಧಿಕಾರವುಂಟೆ ಇಲ್ಲವೆ ಎಂಬಷ್ಟನ್ನೇ. ಅಮೆರಿಕದ ನ್ಯಾಯಶಾಸ್ತ್ರಜ್ಞ ವೆಸ್ಲಿ ಹೋಹ್‌ಫೆಲ್ಡ್ ಎಂಬವನು ೧೯೧೩ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ವಕೀಲರೂ ನ್ಯಾಯಾಧೀಶರೂ ‘ರೈಟ್’ ಎಂಬ ಒಂದೇ ಮಾತಿನಿಂದ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಸೂಚಿಸಿ ಗೊಂದಲಪಡುತ್ತಾರೆಂದು ತೋರಿಸಿಕೊಟ್ಟನು. ಇನ್ನೊಬ್ಬನು ನನಗೆ ಸಲ್ಲಿಸಲೇಬೇಕಾದ ಬಾಕಿ ಒಂದು. ಮಾಡಬಾರದೆಂಬ ಕಟ್ಟು ಇಲ್ಲದಿರುವ ಸ್ವಾತಂತ್ರ್ಯ ಒಂದು. ದಾನ, ಕ್ರಯ, ಮರಣಶಾಸನಗಳ ಮೂಲಕ ಸ್ವತ್ತಿನ ಸಂಬಂಧವನ್ನು ಮಾರ್ಪಡಿಸುವ ಶಕ್ತಿ ಒಂದು. ಇನ್ನೊಬ್ಬನ ಅಂಥ ಶಕ್ತಿಗೆ ಒಳಪಡದಿರುವ ರಕ್ಷಣೆ ಒಂದು. ಈ ನಾಲ್ಕರಲ್ಲಿ ಯಾವುದನ್ನು ತೆಗೆದುಕೊಂಡರೂ ‘ಆದುದರಿಂದ ನಾನು ಮಾಡುವುದು ಒಳ್ಳೆಯದು’ ಎಂಬ ತೀರ್ಮಾನ ಅದರೊಳಗಿನಿಂದ ಹೊರಡುವುದಿಲ್ಲವೆಂಬುದನ್ನು ಗಮನಿಸಬೇಕು.

ಇದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆ ಒಳ್ಳೆಯ ನಿದರ್ಶನ. ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ನಗರಕ್ಕೆ ಬೆಟ್ಟದ ತಪ್ಪಲಿನ ಒರತೆಗಳಿಂದ ಕುಡಿಯುವ ನೀರು ಬರುತ್ತಿತ್ತು. ಆ ಒರತೆಗಳಿಗಿಂತ ಮೇಲಿನ ಜಮೀನು ಎಡ್ವರ್ಡ್ ಪಿಕಲ್ಸ್ ಎಂಬವನದು. ಅವನು ತನ್ನ ನೆಲದಲ್ಲಿ ಬಾವಿಯನ್ನೂ ಸುರಂಗವನ್ನೂ ತೋಡತೊಡಗಿದನು. ನೆಲದೊಳಗೆ ಜಿನುಗಿ ಹೋಗುತ್ತಿದ್ದ ನೀರು ದಾರಿ ತಪ್ಪುವ ಹಾಗಾಯಿತು. ಕಲ್ಲು ತೆಗೆಯುವುದಕ್ಕಾಗಿ ನೀರನ್ನು ಬಸಿಯುತ್ತಿದ್ದೇನೆಂದು ಅವನು ಹೇಳಿದನು. ತನ್ನ ಜಮೀನನ್ನು ಒಳ್ಳೆಯ ಬೆಲೆಗೆ ನಗರದವರು ಕೊಳ್ಳುವಂತೆ ಕೈ ತಿರುಚುವುದೇ ಅವನ ಅಭಿಪ್ರಾಯವೆಂದು ಪೌರಸಭೆಯವರು ವಾದಿಸಿದರು. ೧೮೯೫ರಲ್ಲಿ ಲಾರ್ಡರ ಸಭೆ ಕೊನೆಯ ತೀರ್ಪನ್ನು ಕೊಟ್ಟಿತು: ತನ್ನ ನೆಲದಡಿಯ ಹರಿವಿಲ್ಲದ ನೀರನ್ನು ತೆಗೆದುಕೊಳ್ಳುವುದು ಭೂಮಾಲಿಕನಿಗೆ ಇರುವ ಹಕ್ಕು, ಹಕ್ಕಿರುವ ಕೆಲಸವನ್ನು ಕೆಟ್ಟ ಉದ್ದೇಶದಿಂದ ಮಾಡಿದ ಮಾತ್ರಕ್ಕೆ ಅದು ಕಾನೂನಿಗೆ ವಿರುದ್ಧವಾಗುವುದಿಲ್ಲ. ಆ ತೀರ್ಪನ್ನು ಕೊಟ್ಟ ನ್ಯಾಯಾಧಿಪತಿಗಳಲ್ಲೊಬ್ಬರು ಅವನ ನಡತೆ ಒರಟೂ ಸ್ವಾರ್ಥದ್ದೂ ಆಗಿ ತೋರಬಹುದೆಂಬುದನ್ನು ಮರೆಮಾಚಲಿಲ್ಲ. ಹಕ್ಕು ಉಂಟು, ಸರಿಯೋ ಅಲ್ಲವೋ ಎಂಬುದು ನಮ್ಮ ಮುಂದಿರುವ ಪ್ರಶ್ನೆಯಲ್ಲ: ಇದು ಆ ತೀರ್ಪಿನ ಸಾರಾಂಶ.

ಫ್ರಾನ್ಸಿನ ನ್ಯಾಯಸ್ಥಾನಗಳು ಬೇರೊಂದು ದಾರಿ ಹಿಡಿದುವು. ೧೮೫೫ರಲ್ಲಿ ಕೋಲ್ಮಾರ್ ಪಟ್ಟಣದ ನ್ಯಾಯಾಲಯದ ಮುಂದೆ ಒಂದು ದಾವೆ ಬಂದಿತು. ಮನೆಯೊಡೆಯನೊಬ್ಬನು ತನ್ನ ಮಾಳಿಗೆಯ ಮೇಲೆ ಹೊಗೆಯೇ ಹೋಗದ ಒಂದು ಹುಸಿ ಹೊಗೆಗೂಡನ್ನು ಕಟ್ಟಿಸಿದ್ದನು; ನೆರೆಯವನ ಕಿಟಕಿಯ ಬೆಳಕನ್ನು ತಡೆಯುವುದಲ್ಲದೆ ಅದಕ್ಕೆ ಬೇರೆ ಪ್ರಯೋಜನವಿರಲಿಲ್ಲ. ನ್ಯಾಯಾಲಯ ಅದನ್ನು ಕೆಡವಿಸಿತು. ೧೯೧೫ರಲ್ಲಿ ಇನ್ನೂ ವಿಚಿತ್ರವಾದ ಮೊಕದ್ದಮೆ ತೀರ್ಮಾನವಾಯಿತು. ಕ್ಲೆಮಾಂ ಬಯಾರ್ ಎಂಬವನ ವಾಯುನೌಕೆಗಳ ಕೊಟ್ಟಿಗೆಯ ಪಕ್ಕದ ಜಮೀನಿನವನು ತನ್ನ ನೆಲದಲ್ಲಿ ಹದಿನಾರು ಮೀಟರು ಎತ್ತರದ ಮರದ ಚೌಕಟ್ಟುಗಳನ್ನು ನಿಲ್ಲಿಸಿ ಅವುಗಳ ತುದಿಗೆ ಕಬ್ಬಿಣದ ಮೊನೆಗಳನ್ನು ಕೂರಿಸಿದ್ದನು. ಒಂದು ವಾಯುನೌಕೆ ಅದಕ್ಕೆ ಸಿಕ್ಕಿ ಹರಿಯಿತು. ಇವನ ಆಸೆಯೂ ಪಿಕಲ್ಸನ ಆಸೆಯಂತೆ ಜಮೀನನ್ನು ಕೊಳ್ಳಿಸಬೇಕೆಂಬುದೇ. ಫ್ರೆಂಚ್ ನ್ಯಾಯಾಧೀಶರು ಇದು ಹಕ್ಕಿನ ದುರುಪಯೋಗವೆಂದು ತೀರ್ಮಾನಿಸಿ, ಮೊನೆಗಳನ್ನು ಕೀಳಿಸಿ, ನಷ್ಟವನ್ನು ತೆರಿಸಿದರು. ೧೯೦೦ರಲ್ಲಿ ಜಾರಿಗೆ ಬಂದ ಜರ್ಮನರ ಸಿವಿಲ್ ಸಂಹಿತೆಯ ೨೨೬ನೆಯ ವಿಧಿಯೂ ಪರರಿಗೆ ಕೇಡು ಮಾಡುವುದಲ್ಲದೆ ಬೇರೆ ಉದ್ದೇಶವೇ ಇರಲಾರದ ಹಕ್ಕುಚಲಾವಣೆಯನ್ನು ನಿಷೇಧಿಸಿದೆ.

ಪಿಕಲ್ಸನ ನೀರಿನ ಕಥೆ ನಮಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ೧೮೮೨ರ ಭಾರತದ ಈಸ್‌ಮೆಂಟ್ಸ್ ಕಾಯಿದೆ ಮೊದಲು ಮದರಾಸು, ಮಧ್ಯಪ್ರಾಂತ, ಕೊಡಗುಗಳಿಗೆ ಅನ್ವಯಿಸಿತು. ಗೊತ್ತಾದ ಕಾಲುವೆಯಾಗಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಕೂಡಿಸಿ ಬಳಸಿಕೊಳ್ಳುವುದು ಪ್ರತಿಯೊಬ್ಬ ಭೂಮಾಲಿಕನ ಹಕ್ಕೆಂದು ಅದರ ಏಳನೆಯ ವಿಧಿಯ ಉದಾಹರಣೆಯೊಂದು ಹೇಳುತ್ತದೆ. ಆ ಮಾತನ್ನು ಬರೆದಾಗ ಕಣ್ಣ ಮುಂದಿದ್ದದ್ದು ಏತವೂ ಕಪಿಲೆಯೂ. ಇಂದು ಕೋಲಾರ ಸೀಮೆಯಲ್ಲಿ ಸಾವಿರ ಅಡಿಗೂ ಮೀರಿ ಕೊರೆದ ಕೊಳವೆಬಾವಿಗಳು ಅಪರೂಪವಲ್ಲ. ದುಡ್ಡುಳ್ಳವನ ಯಂತ್ರ ಎಷ್ಟು ಆಳಕ್ಕೆ ಇಳಿಯುತ್ತದೆಯೋ ಪಕ್ಕದ ಬಡವನ ತೆರೆದ ಬಾವಿಯ ನೀರು ಅಷ್ಟು ಬೇಗ ಇಂಗುತ್ತದೆ. ಕೊರೆಯಿಸಿದವನು ಕೆಟ್ಟವನೇ ಆಗಿರಬೇಕೆಂಬುದಿಲ್ಲ. ಪಿಕಲ್ಸನ ದುರುದ್ದೇಶ ಅವನಿಗಿಲ್ಲ. ಅವನ ಬೆಳೆಯೂ ಒಣಗುತ್ತಿದೆ. ಆದರೂ ಕೇಳಿದಾಗ ಅವನು ಕೊಡುವ ಉತ್ತರ ಒಂದೇ: ‘ನನ್ನ ಜಮೀನು, ನನ್ನ ಹಕ್ಕು.’ ಪ್ರಶ್ನೆ ಸರಿಯನ್ನು ಕುರಿತದ್ದು, ಉತ್ತರ ಹಕ್ಕನ್ನು ಕುರಿತದ್ದು. ಕರ್ನಾಟಕವು ೨೦೧೧ರಲ್ಲಿ ಅಂತರ್ಜಲದ ನಿಯಂತ್ರಣಕ್ಕಾಗಿ ಒಂದು ಕಾಯಿದೆಯನ್ನು ಮಾಡಬೇಕಾಗಿ ಬಂದದ್ದು, ಹಕ್ಕುಳ್ಳವರು ಸರಿಯನ್ನು ತಾವಾಗಿ ಕೇಳಿಕೊಳ್ಳದಿದ್ದರೆ ಕೊನೆಗೆ ಸರಕಾರ ಕೇಳಬೇಕಾಗುತ್ತದೆಂಬುದಕ್ಕೆ ಸಾಕ್ಷಿ.

ಇಲ್ಲಿ ಒಂದು ವಿಷಯ ಗಮನಾರ್ಹ. ಇಂಗ್ಲಿಷಿನವರಿಗೆ ಎರಡರ್ಥಕ್ಕೂ ಒಂದೇ ಮಾತಿರುವುದರಿಂದ ಅವರು ಜಾರಿ ಬೀಳುತ್ತಾರೆ. ನಮಗೆ ಎರಡು ಮಾತುಗಳಿರುವುದರಿಂದ ನಾವು ಜಾರುವುದಿಲ್ಲ ಎಂದು ಹೆಮ್ಮೆಪಡುವಂತಿಲ್ಲ. ಜಾರುವುದು ನಾಲಗೆಯಲ್ಲ, ಮನಸ್ಸು. ಒಂದು ಮಾತಿದ್ದವರು ಅರಿಯದೆ ಜಾರುತ್ತಾರೆ; ಎರಡು ಮಾತಿದ್ದವರು ಒಂದರ ಜಾಗದಲ್ಲಿ ಇನ್ನೊಂದನ್ನು ಆಡಿ ಜಾರುತ್ತಾರೆ. ಫಲ ಒಂದೇ.

೪

ನಮ್ಮ ಹಿರಿಯರಿಗೆ ಈ ವಿವೇಚನೆ ಇರಲಿಲ್ಲವೆ? ಇತ್ತೆಂಬುದಕ್ಕೆ ಭಾರತದ ಸಭಾಪರ್ವಕ್ಕಿಂತ ಬೇರೆ ಪ್ರಮಾಣ ಬೇಡ. ಕುಮಾರವ್ಯಾಸನನ್ನು ಓದಿಸಿ ಕೇಳುವ ನಮ್ಮ ಮನೆಗಳಲ್ಲಿ ಆ ಪ್ರಸಂಗವನ್ನು ಅರಿಯದವರಿಲ್ಲ. ಧರ್ಮರಾಯನು ಮೊದಲು ತನ್ನನ್ನು ಸೋತನೋ ತನ್ನನ್ನು ಸೋಲುವ ಮುನ್ನ ನನ್ನನ್ನು ಸೋತನೋ ಎಂದು ದ್ರೌಪದಿ ಕೇಳಿಸಿದಳು. ಪ್ರಶ್ನೆಯ ರೂಪವನ್ನು ನೋಡಬೇಕು. ಅದು ಹಕ್ಕಿನ ಪ್ರಶ್ನೆ: ತನ್ನ ಮೇಲೆಯೇ ಒಡೆತನವನ್ನು ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಂದ ಬಂದಿತು?

ಭೀಷ್ಮರು ಇದಕ್ಕೆ ಉತ್ತರ ಕೊಡಲಾರದೆ ಹೋದರು. ಸ್ವತ್ತಿಲ್ಲದವನು ಪರರದನ್ನು ಒಡ್ಡಲಾರನು, ಆದರೆ ಹೆಂಡತಿ ಗಂಡನ ಅಧೀನಳಲ್ಲವೆ ಎಂದು ಎರಡು ತಟ್ಟೆಗಳನ್ನೂ ತೂಗಿ, ಧರ್ಮದ ಗತಿ ಸೂಕ್ಷ್ಮವೆಂದು ಸುಮ್ಮನಾದರು. ವಿಕರ್ಣನು ಎದ್ದು ನಿಂತು, ಆಕೆ ಜಯಿಸಲ್ಪಟ್ಟವಳಲ್ಲವೆಂದು ಹೇಳಿದನು; ಅವನು ಕೊಟ್ಟ ಕಾರಣಗಳೂ ಬಹುಮಟ್ಟಿಗೆ ಹಕ್ಕಿನ ಕಾರಣಗಳೇ. ಕರ್ಣನು ಅದಕ್ಕೆ ಪ್ರತಿವಾದವನ್ನು ಹೂಡಿದನು. ಸಭೆಯೆಲ್ಲ ಒಡೆತನದ ಮೀಮಾಂಸೆಯಲ್ಲಿ ಮುಳುಗಿತು. ಸಭೆಯ ನಡುವೆ ಒಬ್ಬ ಹೆಣ್ಣುಮಗಳನ್ನು ಎಳೆದು ತಂದು ಅವಮಾನಪಡಿಸುವುದು ಸರಿಯೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಕುಳಿತಿದ್ದ ಬಹುಮಂದಿಗೆ ಗೊತ್ತಿತ್ತು. ವಿದುರನು ಗಟ್ಟಿಯಾಗಿ ಹೇಳಿಯೂ ಹೇಳಿದನು. ಆದರೂ ಹಕ್ಕಿನ ಪ್ರಶ್ನೆ ತೀರದೆ ಸರಿಯ ಮಾತನ್ನು ಎತ್ತಬಾರದೆಂಬಂತೆ ಹಿರಿಯರು ತಲೆ ತಗ್ಗಿಸಿದರು. ದುರ್ಯೋಧನನಿಗೆ ಹಕ್ಕು ಇದ್ದಿತೆಂದೇ ಇಟ್ಟುಕೊಳ್ಳೋಣ. ಇದ್ದಿದ್ದರೆ ಆ ದಿನದ ಕಾರ್ಯ ಸರಿಯಾಗುತ್ತಿತ್ತೆ? ಈ ಮಾತನ್ನು ಕೇಳುವ ಧೈರ್ಯ ಆ ಸಭೆಗೆ ಬರಲಿಲ್ಲ; ಅದರ ಬೆಲೆಯನ್ನು ಕುರುಕ್ಷೇತ್ರದಲ್ಲಿ ತೆತ್ತರು.

ದ್ರೌಪದಿಯೇ ಏಕೆ ಹಕ್ಕಿನ ಮಾತನ್ನು ಎತ್ತಿದಳು? ಇದು ಆಲೋಚಿಸಬೇಕಾದ ಅಂಶ. ಕರುಣೆಯೂ ಮರ್ಯಾದೆಯೂ ಅಡಗಿಹೋದ ಕಡೆಯಲ್ಲಿ ನಿರಾಶ್ರಯರಿಗೆ ಉಳಿಯುವ ಕೊನೆಯ ಗೋಡೆ ಅದೊಂದೇ. ಸರಿಯಾದುದನ್ನು ಮಾಡಿರೆಂದು ಬೇಡಿದರೆ ಬಲವುಳ್ಳವನು ನಗಬಹುದು. ನಿನಗೆ ಹಕ್ಕಿಲ್ಲವೆಂದಾಗ ಅವನಾದರೂ ಒಂದು ಕ್ಷಣ ನಿಂತು ಉತ್ತರವನ್ನು ಹುಡುಕಬೇಕಾಗುತ್ತದೆ.

೫

ಆದುದರಿಂದ ಹಕ್ಕನ್ನು ಕೀಳ್ಗಳೆದು ಸರಿಯನ್ನು ಮಾತ್ರ ಮೇಲಕ್ಕೆತ್ತುವುದು ಅವಿಚಾರ. ಸರಿಯಾದುದನ್ನು ಮಾಡುವಾಗ ಮಾತ್ರ ಹಕ್ಕು, ತಪ್ಪನ್ನು ಮಾಡುವಾಗ ಹಕ್ಕಿಲ್ಲ ಎಂಬ ಏರ್ಪಾಡಾಯಿತೆಂದು ಊಹಿಸೋಣ. ಆಗ ಸರಿ ತಪ್ಪುಗಳನ್ನು ನಿರ್ಣಯಿಸುವವರು ಯಾರು? ಅಧಿಕಾರದಲ್ಲಿರುವವರು. ಅಂದರೆ ಅವರು ಒಪ್ಪಿದ್ದನ್ನು ಮಾತ್ರ ನಾವು ಆಡಬಹುದು, ಅವರು ಮೆಚ್ಚಿದವರಿಗೆ ಮಾತ್ರ ಮತ ಹಾಕಬಹುದು. ಹಕ್ಕೆಂಬ ಮಾತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಪ್ತಮತದಾನದ ಏರ್ಪಾಡನ್ನು ನೋಡಬಹುದು. ಮತದಾರನು ಪರದೆಯ ಹಿಂದೆ ಜಾತಿಯನ್ನು ನೋಡಿ ಗುಂಡಿಯನ್ನೊತ್ತಬಹುದು, ಸಿಟ್ಟಿನಿಂದ ಒತ್ತಬಹುದು, ಏನೂ ಯೋಚಿಸದೆ ಒತ್ತಬಹುದು. ಅದು ಸರಿಯಲ್ಲ. ಆದರೂ ಅವನನ್ನು ಏಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ, ಇರಲೂಕೂಡದು. ತಪ್ಪನ್ನು ಮಾಡುವ ಹಕ್ಕಿಲ್ಲದವನಿಗೆ ಸರಿಯಾದುದನ್ನು ತಾನಾಗಿ ಆರಿಸಿಕೊಂಡ ಪುಣ್ಯವೂ ಇಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು ೧೭೯೭ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥವನ್ನು ಈ ಕಾರಣದಿಂದಲೇ ಎರಡು ಭಾಗವಾಗಿ ಮಾಡಿದನು. ಒಂದು ಹಕ್ಕುಗಳ ಶಾಸ್ತ್ರ. ಅಲ್ಲಿಯ ಕರ್ತವ್ಯಗಳನ್ನು ಹೊರಗಿನಿಂದ ಬಲಾತ್ಕರಿಸಿ ಮಾಡಿಸಬಹುದು. ಇನ್ನೊಂದು ಸದ್ಗುಣಗಳ ಶಾಸ್ತ್ರ. ಅಲ್ಲಿಯ ಕರ್ತವ್ಯಗಳಿಗೆ ಒಳಗಿನಿಂದ ಹೊರತು ಪ್ರೇರಣೆ ಇಲ್ಲ. ಎರಡರ ನಡುವೆ ಬಯಲೊಂದು ಇರಲೇಬೇಕು. ಪಿಕಲ್ಸನ ತೀರ್ಪನ್ನು ಕೊಟ್ಟವರು ಆ ಬಯಲನ್ನು ಬಹು ಅಗಲವಾಗಿ ಬಿಟ್ಟರು. ಫ್ರಾನ್ಸಿನವರು ಅದರ ಅಂಚಿನಲ್ಲಿ, ಬರಿಯ ಕೇಡಿಗಾಗಿ ನಡೆಯುವ ಕೃತ್ಯಗಳಿಗೆ ಮಾತ್ರ, ಒಂದು ಬೇಲಿ ಹಾಕಿದರು. ಫ್ರಾನ್ಸಿನವರದೇ ಹೆಚ್ಚು ವಿವೇಕವೆಂದು ನನಗೆ ತೋರುತ್ತದೆ. ಆದರೆ ಬಯಲನ್ನೆಲ್ಲ ಬೇಲಿಯಿಂದ ತುಂಬಲು ಯಾವ ಕಾನೂನಿಗೂ ಸಾಧ್ಯವಿಲ್ಲ. ಅಲ್ಲಿ ಓಡಾಡುವವನಿಗೆ ದಾರಿ ತೋರಿಸತಕ್ಕದ್ದು ಅವನ ಆರ್ಜವ.

೬

ಹಾಗಾದರೆ ಈ ಎರಡು ಪ್ರಶ್ನೆಗಳನ್ನು ನಿತ್ಯಜೀವನದಲ್ಲಿ ಬಳಸುವ ಕ್ರಮವೇನು? ನಮ್ಮ ಮನೆಗಳಲ್ಲಿಯೇ ನಡೆಯುವ ಒಂದು ಸಂಗತಿಯಿಂದ ಇದು ತಿಳಿಯಬಹುದು.

ಹೆಣ್ಣುಮಕ್ಕಳ ಆಸ್ತಿಯ ವಿಷಯದಲ್ಲಿ ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ದಾರಿ ತೋರಿಸಿತು. ೧೯೯೪ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಕ್ಕೆ ತಂದಿತು. ೨೦೦೫ರ ತಿದ್ದುಪಡಿ ಇಡೀ ದೇಶಕ್ಕೆ ಅದನ್ನು ವಿಸ್ತರಿಸಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗಳ ಹಕ್ಕು ಹುಟ್ಟಿನಿಂದಲೇ ಬರತಕ್ಕದ್ದೆಂದೂ ೨೦೦೫ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದೂ ತೀರ್ಮಾನಿಸಿತು. ಹಕ್ಕಿನ ಪ್ರಶ್ನೆ ಹೀಗೆ ಇತ್ಯರ್ಥವಾಯಿತು.

ಆದರೆ ವಿಭಾಗದ ದಿನ ಪಡಸಾಲೆಯಲ್ಲಿ ನಡೆಯುವ ಮಾತು ಬೇರೆ. ಹಕ್ಕು ಬಿಡುಗಡೆ ಪತ್ರವನ್ನು ಮೊದಲೇ ಬರೆಯಿಸಿ ಇಟ್ಟಿರುತ್ತಾರೆ. ‘ನಿನಗೆ ಹಕ್ಕಿಲ್ಲವೆಂದು ಯಾರೂ ಹೇಳುವುದಿಲ್ಲಮ್ಮ. ಆದರೆ ಒಡಹುಟ್ಟಿದವರ ಹತ್ತಿರ ಪಾಲು ಕೇಳುವುದು ಸರಿಯೇ, ನೀನೇ ಹೇಳು. ಅರಿಸಿನ ಕುಂಕುಮಕ್ಕೆಂದು ಏನೋ ಕೊಡುತ್ತೇವೆ’ ಎಂದು ಅಣ್ಣಂದಿರಲ್ಲಿ ಹಿರಿಯನು ಮೃದುವಾಗಿ ಹೇಳುತ್ತಾನೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯ ಆಕೆಗೆ. ಸಹಿ ಬೀಳುತ್ತದೆ. ಆಕೆಯ ಔದಾರ್ಯವನ್ನು ಎಲ್ಲರೂ ಹೊಗಳುತ್ತಾರೆ. ‘ಆಕೆಯ ಪಾಲನ್ನು ನಾವು ಇಟ್ಟುಕೊಳ್ಳುವುದು ಸರಿಯೆ?’ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಪಿಕಲ್ಸನು ಹಕ್ಕನ್ನು ಮುಂದಿಟ್ಟುಕೊಂಡು ಸರಿಯನ್ನು ಮರೆತನು. ಇಲ್ಲಿ ಸರಿಯನ್ನು ಮುಂದಿಟ್ಟುಕೊಂಡು ಹಕ್ಕನ್ನು ಮರೆಯಿಸುತ್ತಾರೆ. ಮೇಲುನೋಟಕ್ಕೆ ಎರಡೂ ವಿರುದ್ಧವಾದ ದೋಷಗಳಂತೆ ತೋರಿದರೂ ವಸ್ತುತಃ ಒಂದೇ ದೋಷ. ಎರಡು ಕಡೆಯಲ್ಲಿಯೂ ಪ್ರಶ್ನೆಗಳು ಅದಲುಬದಲಾಗಿವೆ. ತನ್ನ ವಿಷಯ ಬಂದಾಗ ಹಕ್ಕನ್ನು ಕೇಳುವುದು, ಪರರ ವಿಷಯ ಬಂದಾಗ ಸರಿಯನ್ನು ಕೇಳುವುದು: ಸ್ವಾರ್ಥದ ವ್ಯಾಕರಣ ಇಷ್ಟೆ. ಧರ್ಮದ ವ್ಯಾಕರಣ ಇದಕ್ಕೆ ತಿರುಗುಮುರುಗು. ನನ್ನ ಕಾರ್ಯದ ಮುಂದೆ ನಾನು ಇಡಬೇಕಾದ ಪ್ರಶ್ನೆ ಸರಿಯೆ ಎಂಬುದು. ನೆರೆಯವನ ಪಾಲಿನ ಮುಂದೆ ನಾನು ಇಡಬೇಕಾದ ಪ್ರಶ್ನೆ ಅವನಿಗೆ ಹಕ್ಕುಂಟೆ ಎಂಬುದು. ಉಂಟೆಂದಾದರೆ ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು. ಅವನು ಅದನ್ನು ಚಲಾಯಿಸುವುದು ಔಚಿತ್ಯವೋ ಅಲ್ಲವೋ ಎಂಬುದನ್ನು ಅವನ ಅಂತರಂಗ ನೋಡಿಕೊಳ್ಳಲಿ.

ಇದಕ್ಕೆ ಒಂದು ಆಕ್ಷೇಪ ಉಂಟು. ಹಾಗಾದರೆ ಪರರಿಗೆ ಬುದ್ಧಿಯ ಮಾತನ್ನು ಹೇಳಲೇಬಾರದೆ? ಸ್ನೇಹಿತನು ತಪ್ಪಿ ನಡೆಯುವಾಗ ‘ನಿನಗೆ ಹಕ್ಕುಂಟು’ ಎಂದು ಸುಮ್ಮನಿರುವುದು ಸ್ನೇಹವೆ? ಅಲ್ಲವೇ ಅಲ್ಲ. ವಿದುರನ ಮಾತು ವಿಹಿತವಾದದ್ದೇ. ಆದರೆ ಇಲ್ಲಿ ಎರಡು ನಿಯಮಗಳನ್ನು ನೆನಪಿಡಬೇಕು. ಹೇಳುವವನಿಗೆ ಆ ಮಾತಿನಿಂದ ಲಾಭವಿರಬಾರದು. ಕೇಳುವವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ನಿಜವಾಗಿಯೂ ಇರಬೇಕು. ವಿದುರನಲ್ಲಿ ಇವೆರಡೂ ಇದ್ದುವು. ಪಾಲಿನ ಪತ್ರವನ್ನು ಕೈಯಲ್ಲಿ ಹಿಡಿದು ಉಪದೇಶಿಸುವ ಅಣ್ಣನಲ್ಲಿ ಎರಡೂ ಇಲ್ಲ. ತಂಗಿಯು ಪಾಲನ್ನು ತನ್ನ ಹೆಸರಿಗೆ ಪಡೆದು, ತಾನಾಗಿ ಯೋಚಿಸಿ, ಬಡವನಾದ ತಮ್ಮನಿಗೆ ಅದನ್ನು ಕೊಟ್ಟರೆ ಅದು ದಾನ. ಬೆದರಿಕೆಯ ನೆರಳಿನಲ್ಲಿ ಬಿಟ್ಟುಕೊಟ್ಟದ್ದನ್ನು ದಾನವೆಂದು ಕರೆಯುವುದು ದಾನವೆಂಬ ಮಾತಿಗೇ ಅಪಚಾರ.

೭

ಹಕ್ಕಿದ್ದೂ ಅದನ್ನು ಚಲಾಯಿಸದೆ ಇರುವುದರ ಮಹಿಮೆಯನ್ನು ಕಾನೂನೂ ಅರಿಯದೆ ಇಲ್ಲ. ನಮ್ಮ ದೇಶದಲ್ಲಿ ಸಾಧಾರಣವಾದ ಸಾಲಕ್ಕೆ ಲಿಮಿಟೇಷನ್ ಕಾಯಿದೆಯ ಪ್ರಕಾರ ಮೂರು ವರ್ಷದ ಅವಧಿ. ಅದು ಮೀರಿದರೆ ಸಾಲಿಗನು ದಾವೆ ಹೂಡಿ ವಸೂಲು ಮಾಡಲಾರನು; ಸಾಲಗಾರನು ನಿಶ್ಚಿಂತೆಯಿಂದ ಕುಳಿತಿರಬಹುದು. ಆದರೆ ೧೮೭೨ರ ಕರಾರು ಕಾಯಿದೆಯ ಇಪ್ಪತ್ತೈದನೆಯ ವಿಧಿ ಒಂದು ವಿಶೇಷವನ್ನು ಹೇಳುತ್ತದೆ. ಪ್ರತಿಫಲವಿಲ್ಲದ ವಾಗ್ದಾನ ಸಾಮಾನ್ಯವಾಗಿ ಊರ್ಜಿತವಲ್ಲ. ಹೀಗಿದ್ದರೂ, ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ ಹೊಸದಾಗಿ ಏನನ್ನೂ ಪಡೆಯದೆ ಇದ್ದರೂ ಆ ಮಾತು ಅವನನ್ನು ಕಟ್ಟುತ್ತದೆ. ಕಾನೂನು ತಾನು ಬಿಡಿಸಿದ ಗಂಟನ್ನು ಮನುಷ್ಯನು ಮತ್ತೆ ತಾನಾಗಿ ಹಾಕಿಕೊಳ್ಳಲು ಅವಕಾಶ ಕೊಟ್ಟಿದೆ. ಕೊಡದಿರುವ ಹಕ್ಕು ನಿನಗುಂಟು. ಕೊಡುವುದು ಸರಿಯೆಂದು ನಿನಗೆ ತೋರಿದರೆ ಅದನ್ನು ನಾನು ಗೌರವಿಸುತ್ತೇನೆ ಎಂದು ಹೇಳಿದಂತಾಯಿತು.

ತಂದೆಯ ಸಾಲವನ್ನು ಮಕ್ಕಳು ತೀರಿಸುವ ವಿಷಯವೂ ಹಾಗೆಯೆ. ಹಿಂದೂ ಧರ್ಮಶಾಸ್ತ್ರದಂತೆ ಅದು ಮಗನ ಪವಿತ್ರ ಋಣವಾಗಿತ್ತು. ನ್ಯಾಯಾಲಯಗಳೂ ಅದನ್ನು ಜಾರಿಗೊಳಿಸುತ್ತಿದ್ದುವು. ೨೦೦೫ರ ತಿದ್ದುಪಡಿಯ ಅನಂತರ ಮಾಡಿದ ಸಾಲಕ್ಕೆ ಈ ಋಣದ ಆಧಾರದ ಮೇಲೆ ಮಗನನ್ನು ಹೊಣೆಮಾಡಲು ಬರುವುದಿಲ್ಲ. ಹೊಣೆ ಹೋಯಿತು, ಆದರೂ ತಂದೆಗೆ ಕಷ್ಟಕಾಲದಲ್ಲಿ ಕೈಗಡ ಕೊಟ್ಟ ನೆರೆಯವನ ಮನೆಗೆ, ಪತ್ರವೂ ಸಾಕ್ಷಿಯೂ ಇಲ್ಲದಿದ್ದರೂ, ಹಣವನ್ನು ಹಿಡಿದುಕೊಂ‌ಡು ಹೋಗುವ ಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಅಂಥವರನ್ನು ಕಾನೂನು ಬಲ್ಲವರು ಹುಚ್ಚರೆಂದು ಕರೆಯಬಹುದು. ಊರು ಹಾಗೆ ಕರೆಯುವುದಿಲ್ಲ. ಹಕ್ಕುಗಳ ಪಟ್ಟಿ ಬೆಳೆದಷ್ಟೂ ಇಂಥವರ ಬೆಲೆ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಹಿಂದೆ ಭಯದಿಂದಲೋ ಕಟ್ಟಿನಿಂದಲೋ ಆಗುತ್ತಿದ್ದ ಕೆಲಸ ಈಗ ಮನಸ್ಸಿನಿಂದ ಆಗಬೇಕಾಗಿದೆ.

ನಮ್ಮ ಸಂವಿಧಾನವು ೧೯೫೦ರಲ್ಲಿ ಮೂಲಭೂತ ಹಕ್ಕುಗಳನ್ನು ಸಾರಿತು. ೧೯೭೬ರಲ್ಲಿ ಮೂಲಭೂತ ಕರ್ತವ್ಯಗಳೆಂಬ ಭಾಗವನ್ನು ಸೇರಿಸಿಕೊಂಡಿತು. ಮೊದಲನೆಯದಕ್ಕೆ ನ್ಯಾಯಾಲಯದ ರಕ್ಷೆಯುಂಟು. ಎರಡನೆಯದಕ್ಕೆ ನೇರವಾಗಿ ಅಂಥ ರಕ್ಷೆಯಿಲ್ಲ. ಇದನ್ನು ಕೊರತೆಯೆಂದು ಎಣಿಸುವವರುಂಟು. ನನ್ನ ಅಲ್ಪಮತಿಗೆ ಹಾಗೆ ತೋರುವುದಿಲ್ಲ. ಹಕ್ಕಿಗೆ ಕಾವಲುಗಾರನು ಹೊರಗೆ ಬೇಕು, ಏಕೆಂದರೆ ಅದನ್ನು ಕಸಿಯುವವನು ಹೊರಗಿನವನು. ಸರಿಗೆ ಕಾವಲುಗಾರನು ಒಳಗೇ ಬೇಕು, ಏಕೆಂದರೆ ಅದನ್ನು ಕೆಡಿಸುವವನೂ ಒಳಗಿನವನೇ.

ಇಂಗ್ಲಿಷಿನವರು ಒಂದೇ ಮಾತಿನಲ್ಲಿ ಕೂಡಿಹಾಕಿದ್ದನ್ನು ನಮ್ಮ ಹಿರಿಯರು ಎರಡು ಮಾತುಗಳಲ್ಲಿ ಬಿಡಿಸಿ ಕೊಟ್ಟಿದ್ದಾರೆ. ಎರಡನ್ನೂ ಉಳಿಸಿಕೊಳ್ಳೋಣ, ಯಾವುದನ್ನು ಯಾರ ಮುಂದೆ ಇಡಬೇಕೆಂಬುದನ್ನು ಮಕ್ಕಳಿಗೆ ಕಲಿಸೋಣ. ಅಣ್ಣನು ಸಹಿಯ ಕಾಗದವನ್ನು ತಂಗಿಯ ಮುಂದೆ ಸರಿಸುವ ಮೊದಲು ಒಂದು ಗಳಿಗೆ ತನ್ನ ಕಡೆಗೆ ತಿರುಗಿಸಿಕೊಂಡು ಓದಿದರೆ, ಈ ಮಾತುಗಳ ಅರ್ಥ ಅವನಿಗೆ ಯಾವ ನಿಘಂಟಿನ ಸಹಾಯವೂ ಇಲ್ಲದೆ ತಿಳಿಯುತ್ತದೆ.